ಕಬ್ಬಿನ ಸೀಮೆಯ ಹೆಣ್ಣುಮಕ್ಕಳು

ಮಹಾರಾಷ್ಟ್ರದ ಕೃಷ್ಣಾತೀರದ ಉದಗಾಂವವನ್ನೊಳಗೊಂಡ ಶಿರೋಳ ತಾಲೂಕಿನ ಕಬ್ಬಿನ ಸೀಮೆಯಲ್ಲಿ, ಹಂಗಾಮು ಬಂತೆಂದರೆ, ಬೀಡ ಮೊದಲಾದ ಬರಗಾಲದ ಜಿಲ್ಲೆಗಳಿಂದ ಗುಳೆ ಬಂದ ಹೆಂಗಸರು ನಸುಕಿಗೇ ಎದ್ದು, ರೊಟ್ಟಿ ತಟ್ಟಿ, ಹಗಲೆಲ್ಲ ಕಬ್ಬು ಕಡಿದು, ಭಾರದ ಹೊರೆಗಳನ್ನು ತಲೆಯ ಮೇಲೆ ಹೊತ್ತು ಗಾಡಿಗೇರಿಸುವರು. ಒಂದು ದಿನ ತಪ್ಪಿದರೆ ದಂಡ. ಇಂತಹ ಅವಿಶ್ರಾಂತ ದುಡಿಮೆಗೆ ಅರೆಹೊಟ್ಟೆ, ಚಿಂತೆ, ನಿದ್ರಾಹೀನತೆಗಳು ಕೂಡಿದಾಗ, ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಕಳುಹುವ ಸಂಕೇತವು ಕುಂಠಿತವಾಗಿ, ಅಂಡವು ಬಿಡುಗಡೆಯಾಗದೆ, ಮುಟ್ಟು ಏರುಪೇರಾಗಬಹುದು. ಅನೇಕ ವೇಳೆ ಇದು ಆಹಾರ, ವಿಶ್ರಾಂತಿಗಳಿಂದಲೇ ಸರಿಹೋಗತಕ್ಕದ್ದು. ಆದರೆ ಬೀಡದಲ್ಲಿ ಮುಟ್ಟಿನ ತೊಂದರೆ ಮೊದಲಾದುವಕ್ಕೆ ಗರ್ಭಕೋಶವನ್ನೇ ತೆಗೆಸಿಕೊಂಡ ಕೂಲಿ ಹೆಂಗಸರ ಸಂಖ್ಯೆ ಸಾವಿರಗಳಿಗೇರಿ, 2019ರಲ್ಲಿ ಮಹಾರಾಷ್ಟ್ರ ಸರಕಾರವು ತನಿಖೆಗೆ ಸಮಿತಿಯನ್ನು ನೇಮಿಸಬೇಕಾಯಿತು. ಇದು ದೇಹದ ರೋಗಕ್ಕಿಂತ ಕೂಲಿಪದ್ಧತಿಯ ರೋಗವೆಂದೇ ನನ್ನ ಅಭಿಪ್ರಾಯ. ಮೂರು ತಿಂಗಳು ಮುಟ್ಟು ತಪ್ಪಿದ ಸೋದರಿಯರು ವೈದ್ಯರನ್ನು ಕಾಣಲಿ. ಶಸ್ತ್ರಕ್ರಿಯೆಯ ಮಾತು ಬಂದರೆ, ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರನ್ನೂ ಕೇಳಲಿ.