ಬಿಸಿಲೂರಿನಲ್ಲಿ ನಯವಾದ ನೂಲು: ಈ ಬೇಸಿಗೆಗೊಂದು ಸವಾಲು

ಬೇಸಿಗೆ ಬಂತೆಂದರೆ ಸಾಕು, ರಾಯಚೂರು ಸೀಮೆಯ ಹೆಣ್ಣುಮಕ್ಕಳ ಕೈಗೆ ಬಿಡುವಿಲ್ಲ. ಹಪ್ಪಳ, ಸಂಡಿಗೆ, ಶ್ಯಾವಿಗೆ, ವರ್ಷಕ್ಕಾಗುವಷ್ಟು ಖಾರದಪುಡಿ, ಹಳೇ ಸೀರೆಗಳ ಕೌದಿ... ಒಂದೇ ಎರಡೇ? ಇದೆಲ್ಲ ಮನೆಮಂದಿಗಾಗಿ. ಸರಿ, ನಿಮಗಾಗಿ ಏನು ಮಾಡಿಕೊಂಡಿರಿ? ಯೋಚಿಸಿ ನೋಡಿ, ಉತ್ತರ ಸಿಗುವುದು ಕಷ್ಟ ಅಲ್ಲವೇ?

ಅದಕ್ಕೇ ಈ ಸಲ ಒಂದು ಸವಾಲು. ಬಸವ ಜಯಂತಿಯಂದು ಶುರು ಮಾಡಿ ಕಾರಹುಣ್ಣಿಮೆ ಹೊತ್ತಿಗೆ ನಿಮ್ಮ ಕೈಯಾರೆ ಒಂದು ಲಡಿ ನೂಲು ತೆಗೆಯಬೇಕು. ಅಧಿಕ ಮಾಸ ಬಾರದ ವರ್ಷ ಇದು ಸುಮಾರು ಆರು ವಾರದ ಅವಧಿ. ಲಡಿ ಅಂದರೆ 1000 ಮೀಟರ್. ನೂಲಬೇಕಾದದ್ದು ಸಿಕ್ಕಿದ ಹತ್ತಿಯನ್ನಲ್ಲ. ಉದ್ದ ಎಳೆಯ ಹತ್ತಿ, ರೇಷ್ಮೆ, ಎರಿ, ಪಶ್ಮಿನಾ ಇಂಥ ಬೆಲೆಬಾಳುವ ನಾರನ್ನು!

‘ಅಯ್ಯ, ಅದೆಲ್ಲ ನಮಗ್ಯಾಕ್ರಿ?’ ಎನ್ನಬೇಡಿ. ಕೃಷ್ಣಾ–ತುಂಗಭದ್ರೆಯರ ನಡುವಿನ ಯರಗೇರಾ ಸುತ್ತಲಿನ ಹೊಲಗಳಲ್ಲಿ ಹತ್ತಿ ಬಿಡಿಸುವವರು ಹೆಚ್ಚಾಗಿ ಹೆಂಗಸರೇ. ಬಿಡಿಸಿದ ಹತ್ತಿ ಚೀಲ ಸೇರಿ ಮಾರುಕಟ್ಟೆಗೆ ಹೋಗುತ್ತದೆ. ಮತ್ತೆ ನಮ್ಮ ಮನೆಗೆ ಬರುವುದು ಅಂಗಡಿಯ ಬಟ್ಟೆಯಾಗಿ. ನಡುವೆ ಅದು ನೂಲಾಗುವುದು ಹೇಗೆಂದು ನಮ್ಮಲ್ಲಿ ಎಷ್ಟು ಜನ ಕೈಯಾರೆ ಬಲ್ಲೆವು?

ಇದು ಹೊಸ ಪಂದ್ಯವಲ್ಲ

ಹನ್ನೆರಡನೇ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯ ಹೆಸರು ಕೇಳಿರಬಹುದು. ನೂಲುವುದೇ ಆಕೆಯ ಕಾಯಕ. ರಾಟೆ, ಕದಿರುಗಳನ್ನೇ ವಚನಕ್ಕೂ ತಂದವಳು. ಬಸವ ಜಯಂತಿಯಂದು ಕದಿರು ಹಿಡಿಯಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಅಂದೇ ಅಕ್ಷಯ ತದಿಗೆ ಕೂಡ. ಬಂಗಾರ ಕೊಳ್ಳಲಾಗದಿದ್ದರೇನಂತೆ, ಬಂಗಾರದಂಥ ಎಳೆ ತೆಗೆಯೋಣ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಸದಸ್ಯರಾಗುವವರು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂದು ಅಲ್ಲಿ ನಿಯಮವಾಯಿತು. ನೂಲಲು ಆಗದವರು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು. ಮರುವರ್ಷವೇ ನಿಯಮ ಸಡಿಲಾಯಿತು ಅನ್ನಿ. 2000 ಗಜವೆಂದರೆ ಸುಮಾರು 1830 ಮೀಟರ್. ನಮ್ಮ ಗುರಿ ಆರು ವಾರಕ್ಕೆ 1000 ಮೀಟರ್ ಮಾತ್ರ. ಹೆದರಿಕೆ ಯಾಕೆ?

ಹೊರದೇಶದ ಹೆಂಗಸರೂ ಇಂಥ ಸವಾಲು ಹಾಕಿಕೊಳ್ಳುತ್ತಾರೆ. 2006ರಲ್ಲಿ ಶುರುವಾದ ‘ಟೂರ್ ಡಿ ಫ್ಲೀಸ್’ನಲ್ಲಿ, ಫ್ರಾನ್ಸಿನ ದೊಡ್ಡ ಸೈಕಲ್ ಸ್ಪರ್ಧೆ ನಡೆಯುವಷ್ಟು ದಿನ ಇವರು ದಿನವೂ ನೂಲುತ್ತಾರೆ. ಸವಾರರಿಗೆ ವಿಶ್ರಾಂತಿ ಇದ್ದ ದಿನ ಇವರಿಗೂ ರಜೆ. ಸವಾರರು ಕಡಿದಾದ ಗುಡ್ಡ ಹತ್ತುವ ದಿನ ಇವರೂ ಕಷ್ಟದ ನಾರನ್ನು ಕೈಗೆತ್ತಿಕೊಳ್ಳುತ್ತಾರೆ. ಇದರಿಂದ ನಾವು ಕಲಿಯಬೇಕಾದದ್ದು ಒಂದೇ: ದಿನವೂ ಸ್ವಲ್ಪ, ವಾರಕ್ಕೊಂದು ದಿನ ರಜೆ.

ಯಾವ ನಾರು ಆರಿಸಿಕೊಳ್ಳಲಿ?

* ಉದ್ದ ಎಳೆಯ ಹತ್ತಿ: ಮೊದಲ ಸಲ ನೂಲುವವರಿಗೆ ಇದೇ ಸೈ. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಕೊಟ್ಟರು. 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಬಂತು. ಇದರ ಎಳೆ ಸಾಧಾರಣ ಹತ್ತಿಯ ಎಳೆಗಿಂತ ಉದ್ದ, ನುಣುಪು ಹೆಚ್ಚು. ಹೆಗ್ಗಡದೇವನಕೋಟೆ ಕಡೆಯ ರೈತರಿಗೆ ಇದು ಚೆನ್ನಾಗಿ ಗೊತ್ತು. ನೆಂಟರಿದ್ದರೆ ಕಾಲು ಕಿಲೋ ತರಿಸಿಕೊಳ್ಳಿ. ಬೀಜ ಬಿಡಿಸಿದ ಮೇಲೆ ಅರಳೆ ಉಳಿಯುವುದು ಮೂರನೇ ಒಂದು ಭಾಗ ಮಾತ್ರ, ಲೆಕ್ಕ ತಪ್ಪಬೇಡಿ.

* ರೇಷ್ಮೆ: ಚಿಟ್ಟೆ ತೂತು ಮಾಡಿ ಹೊರಬಂದ ಗೂಡಿನಿಂದ ಒಂದೇ ಎಳೆ ಬಿಚ್ಚಲು ಬರುವುದಿಲ್ಲ. ನೂಲಲು ಮಾತ್ರ ಅದು ಅಡ್ಡಿಯಿಲ್ಲ. ಬಿತ್ತನೆ ಕೋಠಿಗಳಲ್ಲಿ ಇಂಥ ಗೂಡು ಉಳಿಯುತ್ತವೆ. ಸೋಪು ತುರಿದು ಹಾಕಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಸುಮಾರು ಒಂದು ತಾಸು ಕುದಿಸಿದರೆ ಅಂಟು ಬಿಡುತ್ತದೆ. ಒಳಗಿನ ಹುಳದ ಸಿಪ್ಪೆ ತೆಗೆದು ಎರಡು ಮೂರು ನೀರಿನಲ್ಲಿ ತೊಳೆಯಿರಿ. ವಾಸನೆ ಬರುತ್ತದೆ, ಹಿತ್ತಲಲ್ಲೇ ಕುದಿಸಿ. ಅಂಟು ಹೋದರೆ ತೂಕ ಕಾಲು ಭಾಗದಷ್ಟು ಇಳಿಯುತ್ತದೆ.

* ಎರಿ ರೇಷ್ಮೆ: ಅಸ್ಸಾಮಿನ ಕಡೆಯದು. ಇದರ ಗೂಡಿಗೆ ಒಂದು ಕಡೆ ಬಾಯಿ ಇರುತ್ತದೆ. ಹಾಗಾಗಿ ಹುಳ ಚಿಟ್ಟೆಯಾಗಿ ಹಾರಿಹೋದ ಮೇಲೂ ಗೂಡು ಕೆಡುವುದಿಲ್ಲ. ಹುಳ ತಿನ್ನುವುದು ನಮ್ಮ ಹೊಲದಲ್ಲೂ ಬೆಳೆಯುವ ಔಡಲದ ಎಲೆ! ನೂಲು ಹತ್ತಿಯಂತೆ ಮೆತ್ತಗೆ, ಉಣ್ಣೆಯಂತೆ ಬೆಚ್ಚಗೆ.

* ಪಶ್ಮಿನಾ: ಲಡಾಖಿನ ಚಳಿಯಲ್ಲಿ ಮೇಯುವ ಮೇಕೆಯ ಒಳಗೂದಲು. ಒಂದು ಎಳೆಯ ದಪ್ಪ 12ರಿಂದ 16 ಮೈಕ್ರಾನ್. ನಮ್ಮ ತಲೆಗೂದಲು ಇದರ ನಾಲ್ಕೈದು ಪಟ್ಟು ದಪ್ಪ. ಕಾಶ್ಮೀರದ ಹೆಂಗಸರು ಇದರ ಜಿಡ್ಡು ತೆಗೆಯಲು ಅಕ್ಕಿಹಿಟ್ಟು ಹಚ್ಚುತ್ತಾರೆ. ನಮ್ಮ ಬೇಸಿಗೆಯಲ್ಲಿ ಇದನ್ನು ಪಳಗಿದವರೇ ಹಿಡಿಯಲಿ. ಅವರೂ 10 ಗ್ರಾಂನಿಂದ ಶುರು ಮಾಡಿದರೆ ಸಾಕು.

ಬೇಸಿಗೆಯೇ ನಿಜವಾದ ಎದುರಾಳಿ

ನಮ್ಮೂರ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಇಂಥ ಒಣ ಗಾಳಿಯಲ್ಲಿ ಹತ್ತಿಯ ಎಳೆ ಪುಸಕ್ಕನೆ ಕಡಿಯುತ್ತದೆ. ರೇಷ್ಮೆ, ಉಣ್ಣೆಯ ಎಳೆ ಮೈನೆರೆದು ನಿಂತು ಸೀರೆಗೆ, ಕೈಗೆ ಅಂಟಿಕೊಳ್ಳುತ್ತದೆ. ಫ್ಯಾನ್ ಹಾಕಿದಿರೋ, ಅರಳೆಯೆಲ್ಲ ಮನೆತುಂಬ! ಫ್ಯಾನ್ ಇಲ್ಲದೆ ಮಧ್ಯಾಹ್ನ ಕೂತಿರೋ, ಬೆವರಿಗೆ ನೂಲು ಕೊಳೆಯಾಗುತ್ತದೆ.

ಹಾಗಾದರೆ ದಾರಿ? ಒಂದು ಕಾಲದಲ್ಲಿ ಜಗತ್ತಿಗೇ ಹೆಸರಾಗಿದ್ದ ಢಾಕಾ ಮಸ್ಲಿನ್‌ನ ನೂಲು ತೆಗೆಯುತ್ತಿದ್ದ ಹೆಂಗಸರು ಕೂರುತ್ತಿದ್ದುದು ನಸುಕಿನಲ್ಲಿ, ಇಲ್ಲವೇ ಸಂಜೆ. ಗಾಳಿಯಲ್ಲಿ ತೇವ ಇದ್ದಾಗಲೇ ಸಣ್ಣ ನೂಲು ಬರುತ್ತದೆಂದು ಅವರಿಗೆ ಗೊತ್ತಿತ್ತು. ನೀವೂ ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಮುಕ್ಕಾಲು ತಾಸು ಹೊಂದಿಸಿಕೊಳ್ಳಿ. ಪಕ್ಕದಲ್ಲಿ ನೀರಿನ ಕೊಡ, ಕಿಟಕಿಗೆ ಒದ್ದೆ ಬಟ್ಟೆ ಇರಲಿ. ಕೂಲರ್ ಇದ್ದರೆ ಹತ್ತು ನಿಮಿಷ ಮೊದಲೇ ಹಾಕಿ, ನೂಲಲು ಕೂತಾಗ ಆರಿಸಿ. ಕೋಣೆಯ ತಂಪು, ತೇವ ಎರಡೂ ಉಳಿಯುತ್ತವೆ.

ನೀರು ಹಿಡಿಯುವ ಹೊತ್ತೂ ಅದೇ, ಮಕ್ಕಳ ಚಹಾ ಹೊತ್ತೂ ಅದೇ ಅನ್ನುತ್ತೀರಾ? ನಿಜ. ಅದಕ್ಕೇ ಇದು ಸವಾಲು. ಆರು ವಾರದ ಮಟ್ಟಿಗೆ ಆ ಮುಕ್ಕಾಲು ತಾಸಿನ ಕೆಲಸ ಇನ್ನೊಬ್ಬರು ನೋಡಿಕೊಳ್ಳಲಿ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ. ಮಕ್ಕಳಿಗೆ ರಜೆ ಇದೆ, ಗಂಡನಿಗೆ ಚಹಾ ಕಾಸಲು ಬರುತ್ತದೆ. ಬರದಿದ್ದರೆ ಕಲಿಯಲು ಇದೇ ಸಮಯ!

ಸಾಮಾನು ಏನೇನು ಬೇಕು?

ಚರಕ ಇಲ್ಲವೆಂದು ಕೊರಗಬೇಡಿ. ತಕಲಿ ಸಾಕು. ಖಾದಿ ಭಂಡಾರದಲ್ಲಿ ವಿಚಾರಿಸಿ. ಸಿಗದಿದ್ದರೆ ಸೈಕಲ್ ಚಕ್ರದ ಕಡ್ಡಿಗೆ ಕಟ್ಟಿಗೆಯ ಪುಟ್ಟ ಬಿಲ್ಲೆ ಕೂಡಿಸಿ, ತುದಿಯನ್ನು ಕೊಂಡಿಯಂತೆ ಬಗ್ಗಿಸಿದರೆ ತಕಲಿ ತಯಾರ್. ಸಣ್ಣ ನೂಲಿಗೆ ತಕಲಿ ಹಗುರವಾಗಿರಬೇಕು. ಗಾಳಿಯಲ್ಲಿ ತೂಗಾಡಿಸಿದರೆ ಅದರ ಭಾರಕ್ಕೇ ಎಳೆ ಕಡಿಯುತ್ತದೆ. ಕೆಳತುದಿಯನ್ನು ತೆಂಗಿನ ಚಿಪ್ಪಿನಲ್ಲಿ ಊರಿ ಬುಗುರಿಯಂತೆ ತಿರುಗಿಸಿ.

ಅತ್ತೆಯವರನ್ನೂ ಒಂದು ಮಾತು ಕೇಳಿ ನೋಡಿ. ಶಾಲೆಯ ಕೈಕೆಲಸದ ಪಿರಿಯಡ್‌ನಲ್ಲಿ ತಕಲಿ ತಿರುವಿದ ನೆನಪು ಅವರಿಗಿರಬಹುದು. ‘ಅಂಗಡ್ಯಾಗ ನೂಲು ಸಿಗಂಗಿಲ್ಲೇನವಾ?’ ಎಂದು ಮೊದಲು ನಕ್ಕವರೇ, ‘ತಾ ಇಲ್ಲಿ, ಹಂಗಲ್ಲ’ ಎಂದು ಕೈಯಿಂದ ಇಸಿದುಕೊಂಡರೆ ಆಶ್ಚರ್ಯವಿಲ್ಲ!

ಆರು ವಾರದ ಲೆಕ್ಕ

1ನೇ ವಾರ: ಸಾಧಾರಣ ಹತ್ತಿ. ಅರಳೆಯನ್ನು ಬೆರಳಿನಿಂದ ಬಿಡಿಸಿ, ಕಡ್ಡಿಗೆ ಸುತ್ತಿ ಹಂಜಿ ಮಾಡಿಕೊಳ್ಳಿ. ಅಳತೆ ಬೇಡ. ಹಂಜಿಯನ್ನು ಹಕ್ಕಿಮರಿ ಹಿಡಿದಂತೆ ಸಡಿಲವಾಗಿ ಹಿಡಿಯಿರಿ. ಬಿಗಿ ಹಿಡಿದರೆ ಎಳೆ ಬರುವುದೇ ಇಲ್ಲ.

2ನೇ ವಾರ: ಅದೇ ಹತ್ತಿ, ಈಗ ದಪ್ಪ ಒಂದೇ ಸಮ ಬರಬೇಕು. ಎಳೆ ಗಂಟು ಗಂಟಾದರೆ ಹುರಿ ಜಾಸ್ತಿಯಾಯಿತು, ಜಾರಿ ಬಿಟ್ಟುಹೋದರೆ ಹುರಿ ಸಾಲದು ಎಂದರ್ಥ.

3ರಿಂದ 6ನೇ ವಾರ: ಈಗ ನಿಮ್ಮ ಬೆಲೆಬಾಳುವ ನಾರು. ವಾರಕ್ಕೆ ಆರು ದಿನದಂತೆ 24 ದಿನ. ದಿನಕ್ಕೆ 42 ಮೀಟರ್ ತೆಗೆದರೆ 1000 ದಾಟುತ್ತದೆ. 50 ಸೆಂ.ಮೀ. ಉದ್ದದ ತೆಳು ಹಲಗೆಗೆ ಉದ್ದಕ್ಕೆ ಸುತ್ತಿ, ಒಂದು ಸುತ್ತು ಒಂದು ಮೀಟರ್. ಉದ್ದ ಎಳೆಗೆ ಹುರಿ ಕಡಿಮೆ ಸಾಕು, ಎರಡು ಕೈಗಳ ನಡುವಿನ ಅಂತರ ಮಾತ್ರ ತುಸು ಹೆಚ್ಚಿರಲಿ.

ನೂಲು ಎಷ್ಟು ಸಣ್ಣ ಬಂದಿದೆ ಎಂದು ತಿಳಿಯಬೇಕೆ? 100 ಮೀಟರ್ ಅಳೆದು ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಮೀಟರನ್ನು ಗ್ರಾಂನಿಂದ ಭಾಗಿಸಿ. 5 ಗ್ರಾಂ ಬಂದರೆ ನಿಮ್ಮದು 20ನೇ ನಂಬರ್ ನೂಲು, 4 ಗ್ರಾಂ ಬಂದರೆ 25. ಸಂಖ್ಯೆ ಏರಿದಷ್ಟೂ ನೂಲು ಸಣ್ಣ. 20ನೇ ನಂಬರಿನ ಒಂದು ಲಡಿಗೆ 50 ಗ್ರಾಂ ಅರಳೆ ಬೇಕು. ಕೆಟ್ಟುಹೋಗುವ ಲೆಕ್ಕ ಹಿಡಿದು 75 ಗ್ರಾಂ ಇಟ್ಟುಕೊಳ್ಳಿ.

ಹಾಳಾದ್ರೆ?

ಇದೇ ನೋಡಿ ದೊಡ್ಡ ಭಯ. ರೇಷ್ಮೆ ಸೀರೆ ಇದ್ದರೂ ಪೆಟ್ಟಿಗೆಯಲ್ಲಿ, ಚಲೋ ತಟ್ಟೆ ಇದ್ದರೂ ಬೀಗರು ಬಂದಾಗ. ಚಲೋದೆಲ್ಲ ಮಂದಿಗೆ, ಹರಕು ಮುರುಕು ನಮಗೆ ಎಂಬುದು ರೂಢಿಯಾಗಿಬಿಟ್ಟಿದೆ. ನೂಲುವಾಗಲೂ ಅದೇ ಮನಸ್ಸು. ‘ಕೈ ಪಳಗಲಿ, ಆಮೇಲೆ ಒಳ್ಳೆಯ ನಾರು ಮುಟ್ಟೋಣ’ ಅಂತ ಎಷ್ಟೋ ಜನ ಹಾಗೇ ಕಟ್ಟಿಟ್ಟುಬಿಡುತ್ತಾರೆ. ಕಟ್ಟಿಟ್ಟ ಉಣ್ಣೆ, ರೇಷ್ಮೆ ಕೊನೆಗೆ ಹುಳದ ಪಾಲು!

ಎರಡು ವಾರದ ಅಭ್ಯಾಸ ಸಾಕು. ಆಮೇಲೆ ಧೈರ್ಯವಾಗಿ ಹಿಡಿಯಿರಿ. ಉದ್ದ ಎಳೆಯ ನಾರು ಗಿಡ್ಡ ಎಳೆಯದ್ದಕ್ಕಿಂತ ಸುಲಭವಾಗಿ ಎಳೆಗೂಡುತ್ತದೆ ಎಂಬುದೂ ನೆನಪಿರಲಿ. ಒಟ್ಟು ನಾರನ್ನು 10 ಗ್ರಾಂನ ಪುಟ್ಟ ಗಂಟುಗಳಾಗಿ ಮಾಡಿಟ್ಟುಕೊಳ್ಳಿ. ಕೆಟ್ಟರೆ ಅಷ್ಟೇ ಕೆಡುತ್ತದೆ. ಕೆಟ್ಟ ತುಣುಕೂ ಕಸವಲ್ಲ, ಕೌದಿಯ ಒಳಗೆ ಹಾಕಿ.

ಹೊಲದ ಕೆಲಸ, ಪಾತ್ರೆ ತಿಕ್ಕುವ ಕೆಲಸದಿಂದ ಅಂಗೈ ಒರಟಾಗಿದ್ದರೆ ರೇಷ್ಮೆ ಸಿಕ್ಕಿಕೊಳ್ಳುತ್ತದೆ. ಒಂದು ಚಮಚ ಸಕ್ಕರೆಗೆ ಕೊಬ್ಬರಿ ಎಣ್ಣೆ ಬೆರೆಸಿ ಅಂಗೈಗೆ ತಿಕ್ಕಿ, ಸೋಪಿನಿಂದ ತೊಳೆದು ಒರೆಸಿಕೊಂಡು ಕೂರಿ. ನೂಲು ನುಣುಪಾಗುವುದರ ಜೊತೆಗೆ ಕೈಯೂ ನುಣುಪಾಗುತ್ತದೆ.

ದುಡ್ಡಿನ ಮಾತು

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅದರ ಖಾದಿಯ ಹಿಂದೆ ಇರುವುದೂ ಬಹುಪಾಲು ಹೆಣ್ಣುಮಕ್ಕಳ ಕೈ. ಆದರೆ ಗುಟ್ಟೇನಿಲ್ಲ, ಕೈನೂಲಿನಿಂದ ಕೈತುಂಬ ದುಡ್ಡು ಬರುವುದಿಲ್ಲ. ‘ನಮ್ಮಲ್ಲಿ ಚರಕ ಕೊಳ್ಳಿ, ನೂಲನ್ನು ನಾವೇ ಖರೀದಿಸ್ತೀವಿ’ ಎಂದು ಯಾರಾದರೂ ಬಂದರೆ ಮುಂಗಡ ಕೊಡುವ ಮುಂಚೆ ದರ, ಅವಧಿ ಎಲ್ಲವನ್ನೂ ಬರಹದಲ್ಲಿ ಕೇಳಿ. ಸಂಘದ ಸಾಲ ಇದಕ್ಕೆ ಬೇಡವೇ ಬೇಡ.

ಲಡಿ ಮುಗಿದ ಮೇಲೆ ಏನು ಮಾಡೋದು? ರೇಷ್ಮೆ ನೂಲಾದರೆ ಎರಡೆಳೆ ಕೂಡಿಸಿ ಹುರಿ ಹಾಕಿ. ಸೀರೆ ಕುಚ್ಚಿಗೆ, ಕಸೂತಿಗೆ, ರವಿಕೆಯ ಅಂಚಿನ ಕ್ರೋಷಾಕ್ಕೆ ಬರುತ್ತದೆ. ಹತ್ತಿಯಾದರೆ, ಕೈಮಗ್ಗದವರು ಒಪ್ಪಿದರೆ ಒಂದು ಪುಟ್ಟ ಕೈವಸ್ತ್ರ ನೇಯಿಸಿಕೊಳ್ಳಬಹುದು. ಯಾರಿಗೂ ಉಡುಗೊರೆ ಕೊಡಬೇಡಿ. ಇದೊಂದು ನಿಮಗೇ ಇರಲಿ!

ನೆನಪಿಡಿ

* ಬೀಜ ಬಿಡಿಸುವಾಗ, ಹಿಂಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೆಮ್ಮು, ದಮ್ಮು ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ.
* ಗೋಡೆಗೆ ಬೆನ್ನು ಕೊಟ್ಟು ಕೂರಿ. ಹತ್ತಿ ಬಿಳಿಯಾದ್ದರಿಂದ ಮಡಿಲಲ್ಲಿ ಕಡುಬಣ್ಣದ ಬಟ್ಟೆ ಹಾಸಿಕೊಂಡರೆ ಎಳೆ ಚೆನ್ನಾಗಿ ಕಾಣುತ್ತದೆ.
* ಮುಗಿದ ಹತ್ತಿ ನೂಲನ್ನು ಲಡಿ ಕಟ್ಟಿ ಅರ್ಧ ತಾಸು ನೀರಿನಲ್ಲಿ ಕುದಿಸಿದರೆ ಹುರಿ ಕೂರುತ್ತದೆ. ರೇಷ್ಮೆಗೆ ಉಗುರುಬೆಚ್ಚಗಿನ ನೀರು ಸಾಕು.
* ರೇಷ್ಮೆಯನ್ನು ಬಿಸಿಲಿಗೆ ಹಾಕಬೇಡಿ, ಹಳದಿಯಾಗುತ್ತದೆ. ನಮ್ಮೂರಲ್ಲಿ ನೆರಳಿನಲ್ಲೇ ತಾಸಿನೊಳಗೆ ಒಣಗೀತು.
* ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ನೂಲಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಅಂದಿನ 42 ಮೀಟರ್ ಮುಗಿಸಿ ಏಳಿ.
* ಓಣಿಯ ನಾಲ್ಕು ಜನ ಸೇರಿ ಶುರು ಮಾಡಿ. ಕಾರಹುಣ್ಣಿಮೆಯ ದಿನ ಎಲ್ಲರ ಲಡಿಯನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡಿ. ಯಾರದು ಸಣ್ಣ, ಯಾರದು ದಪ್ಪ ಎಂಬ ಪೈಪೋಟಿ ಬೇಡ, ಮುಗಿಸಿದವರೆಲ್ಲ ಗೆದ್ದವರೇ.

ಮಿರಗದ ಮಳೆ ಬಿದ್ದರೆ ಮತ್ತೆ ಬಿತ್ತನೆ, ಕಳೆ ಅಂತ ಪುರುಸೊತ್ತು ಸಿಗದು. ಅಷ್ಟರೊಳಗೆ ತಕಲಿ ತಿರುಗಲಿ. ಏನಂತೀರಿ?