ಬೋಟಿನ ಡೀಸೆಲ್ ಫಿಲ್ಟರ್: ಬಿಚ್ಚೋದು ಸುಲಭ, ಏರ್ ತೆಗೆಯೋದೇ ಕೆಲಸ

ಆಗಸ್ಟ್ 1ಕ್ಕೆ ಮಲ್ಪೆಯಿಂದ ಬೋಟು ಹೊರಡಬೇಕಾ? ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಸುಮ್ಮನೆ ನಿಂತ ಟ್ಯಾಂಕಿನಲ್ಲಿ ನೀರು ಕೂತಿರಬಹುದು. ಮೊದಲು ಫಿಲ್ಟರ್ ನೋಡಿ.

ಎಂಜಿನ್ ತಣ್ಣಗಿರಲಿ. ಡೀಸೆಲ್ ವಾಲ್ವ್ ಬಂದ್ ಮಾಡಿ, ಕೆಳಗೆ ಡಬ್ಬಿ ಇಡಿ. ಡ್ರೇನ್ ಸ್ಕ್ರೂ ಸಡಿಲಿಸಿದರೆ ಮೊದಲು ಬರೋದು ನೀರು. ಡೀಸೆಲ್‌ಗಿಂತ ಭಾರ, ಅದಕ್ಕೇ ತಳದಲ್ಲಿರುತ್ತೆ. ಜೊತೆಗೆ ಕಪ್ಪು ಲೋಳೆ ಬಂತಾ? ಅದು ಡೀಸೆಲ್ ತಿಂದು ಬೆಳೆಯೋ ಸೂಕ್ಷ್ಮಜೀವಿಗಳ ಕೆಲಸ. ಬರೀ ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕನ್ನೂ ತೊಳೆಸಿ.

ಹಳೇ ಫಿಲ್ಟರ್ ಬಿಚ್ಚಿ. ಅದರ ರಬ್ಬರ್ ರಿಂಗ್ ಫಿಲ್ಟರ್ ಕೂರೋ ಜಾಗದಲ್ಲೇ ಅಂಟಿಕೊಂಡಿದೆಯಾ, ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದು ಕೂರಿಸಿದರೆ ಸೋರೋದು ಗ್ಯಾರಂಟಿ. ಹೊಸ ರಿಂಗಿಗೆ ಶುದ್ಧ ಡೀಸೆಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ಪಾನಾ ಹಾಕಿ ಜಗ್ಗಬೇಡಿ. ಮುಂದಿನ ಸಲ ಬಿಚ್ಚೋರೂ ನೀವೇ ತಾನೆ!

ಈಗ ಅಸಲಿ ಕೆಲಸ. ವಾಲ್ವ್ ತೆರೆದು, ಏರ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆನೊರೆಯಾಗಿ ಬರುತ್ತೆ. ಒಂದೂ ಗುಳ್ಳೆಯಿಲ್ಲದೆ ಧಾರೆ ಬಂದಾಗ ಸ್ಕ್ರೂ ಬಿಗಿಸಿ. ಇಲ್ಲಿ ಅವಸರ ಮಾಡಿದರೆ ಎಂಜಿನ್ ಸ್ಟಾರ್ಟ್ ಆದಂಗೆ ಆಗಿ ಗಕ್ಕನೆ ನಿಲ್ಲುತ್ತೆ, ಅದೂ ಅಳಿವೆ ಬಾಯಲ್ಲಿ ನಿಂತರೆ ಕಥೆ ಮುಗೀತು.

ಹತ್ತು ನಿಮಿಷ ಓಡಿಸಿ, ರಿಂಗಿನ ಸುತ್ತ ಒಣ ಬಟ್ಟೆ ಒತ್ತಿ ನೋಡಿ. ಡಬ್ಬಿಯ ಹಳೇ ಡೀಸೆಲ್ ಮಾತ್ರ ದಕ್ಕೆ ನೀರಿಗೆ ಚೆಲ್ಲಬೇಡಿ.