ಹಳೆಯ ಮೋಟಾರನ್ನು ಮನೆಯಲ್ಲೇ ಬಿಚ್ಚಿ ಕಟ್ಟುವ ಬಗೆ

ನಮ್ಮ ವಾಚನಾಲಯಕ್ಕೆ ದಾನವಾಗಿ ಬಂದ ಒಂದು ಕಟ್ಟಿನಲ್ಲಿ ಇಂಗ್ಲೆಂಡಿನ ಮೋಟಾರು ಪತ್ರಿಕೆಗಳ ಹಳೆಯ ಸಂಚಿಕೆಗಳು ಸಿಕ್ಕಿವೆ. ರಜೆಯ ದಿನ ಬರುವ ತರುಣರು ಮೊದಲು ಕೈಹಾಕುವುದು ಇವುಗಳಿಗೇ. ಓದುವುದಕ್ಕಿಂತ ಚಿತ್ರ ನೋಡುವುದೇ ಹೆಚ್ಚೆಂದು ನಾವು ಬಲ್ಲೆವು. ಅದರಲ್ಲಿ ತಪ್ಪೇನೂ ಇಲ್ಲ. ಮೊನ್ನೆ ಒಬ್ಬರು ಒಂದು ಪುಟವನ್ನು ತೋರಿಸಿ, "ಈತನೂ ನಮ್ಮ ಹಾಗೆ ಆಫೀಸಿಗೆ ಹೋಗಿ ಬರುವವನಂತೆ. ಮನೆಯ ಪಕ್ಕದ ಷೆಡ್ಡಿನಲ್ಲಿ ಇಡೀ ಮೋಟಾರನ್ನು ಬಿಚ್ಚಿ ಹೊಸದು ಮಾಡಿದನಂತೆ. ಇದು ಆಗುವ ಮಾತೇ?" ಎಂದು ಕೇಳಿದರು. ಆಗುವ ಮಾತೇ. ಆದರೆ ಹಾಗೆ ಬಿಚ್ಚಿದ ಬಂಡಿಗಳೆಲ್ಲ ತಿರುಗಿ ರಸ್ತೆಗೆ ಬರುವುದಿಲ್ಲ. ಎಷ್ಟೋ ಬಂಡಿಗಳು ಡಬ್ಬಗಳಲ್ಲೇ ಉಳಿದು, ಡಬ್ಬಗಳ ಸಮೇತ ಮಾರಾಟವಾಗುತ್ತವೆ. ಹೀಗೇಕೆ ಆಗುತ್ತದೆಂಬುದನ್ನು ತಿಳಿಯಲು ಆ ಸಂಚಿಕೆಗಳನ್ನು ನಾವು ಒಂದೊಂದಾಗಿ ಓದಿದೆವು.

ನಾವು ಮೋಟಾರು ಇಟ್ಟವರಲ್ಲ. ಗಿರಣಿಯ ಸ್ಟೋರ್ಸಿನಲ್ಲಿ ಲೆಕ್ಕ ಬರೆಯುವವರು. ಬೋಲ್ಟು, ಬೇರಿಂಗು, ಬೆಲ್ಟುಗಳು ನಮ್ಮ ವಹಿಯ ಮೂಲಕವೇ ಒಳಗೆ ಬರುತ್ತವೆ, ಹೊರಗೆ ಹೋಗುತ್ತವೆ. ಆ ಕಣ್ಣಿನಿಂದ ನೋಡಿದ್ದನ್ನು ಇಲ್ಲಿ ಬರೆದಿದ್ದೇವೆ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದೇ ಬಂಡಿಯನ್ನು ಎತ್ತಿಕೊಳ್ಳೋಣ. ಅದರ ಹೆಸರು ಎಂ.ಜಿ.ಬಿ. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳೇ ಎಂ.ಜಿ. ಥೇಮ್ಸ್ ನದಿಯ ದಡದ ಆಬಿಂಗ್‌ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರ ವರೆಗೆ ಈ ಬಂಡಿಯನ್ನು ಮಾಡಿದರು. ಮೇಲೆ ಮುಚ್ಚಿಗೆಯುಳ್ಳ ಜಿ.ಟಿ. ಎಂಬ ರೂಪ 1965ರಲ್ಲಿ ಬಂದಿತು. ಎರಡೂ ಸೇರಿ 5 ಲಕ್ಷಕ್ಕೂ ಮೇಲ್ಪಟ್ಟು ತಯಾರಾದವು. ಇಬ್ಬರು ಕೂರುವ ಬಂಡಿ. ಎಂಜಿನ್ನು 1798 ಸಿ.ಸಿ., ಶಕ್ತಿ ಸುಮಾರು 95 ಅಶ್ವಶಕ್ತಿ. ರಾಜಮಹಾರಾಜರ ಸೊತ್ತೇನೂ ಆಗಿರಲಿಲ್ಲ. ಶಾಲೆಯ ಮೇಷ್ಟರೂ ಆಫೀಸಿನವರೂ ಕಂತಿನಲ್ಲಿ ಕೊಳ್ಳಬಹುದಾದ ಓಟದ ಬಂಡಿ. ಇಂದು ನಮ್ಮ ಬೀದಿಗಳಲ್ಲಿ 2019ರಿಂದ ಓಡಾಡುತ್ತಿರುವ ಎಂ.ಜಿ. ಬಂಡಿಗಳಿಗೂ ಇದಕ್ಕೂ ಹೆಸರು ಮಾತ್ರ ಒಂದು; ಒಡೆತನ ಚೀನಾ ದೇಶದ ಕಂಪೆನಿಯ ಕೈಗೆ ಹೋದ ಮೇಲಿನ ಸಂತಾನ ಅವು.

ನಮಗೆ ಹತ್ತಿರದ ನಂಟು ಬೇರೊಂದಿದೆ. ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ನಿಲ್ಲುವವರೆಗೂ ಮಾಡುತ್ತಿದ್ದ ಅಂಬಾಸಡರ್ ಬಂಡಿ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಎಂಬ ಮೋಟಾರಿನಿಂದ. ಅದರಲ್ಲಿ ಬಹುಕಾಲ ಕೂಡಿಸಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಎಂ.ಜಿ.ಬಿ.ಯ ಎಂಜಿನ್ನೂ ಬಿ-ಸೀರೀಸ್ ಎಂಬ ಒಂದೇ ಮನೆತನದವು. ದೆಹಲಿ ಕಲ್ಕತ್ತೆಗಳಲ್ಲಿ ಟ್ಯಾಕ್ಸಿ ಹತ್ತಿದ ನಮ್ಮ ಬಂಧುಗಳು ಈ ಎಂಜಿನ್ನಿನ ತಮ್ಮನ ಸದ್ದನ್ನು ಕೇಳಿಯೇ ಇದ್ದಾರೆ.

ಇನ್ನು ರೋಗದ ವಿಚಾರ. ಹಳೆಯ ಬಂಡಿ ಎಂದರೆ ಎಂಜಿನ್ನು ಕೆಟ್ಟಿರುತ್ತದೆಂದೇ ನಾವೆಲ್ಲ ಊಹಿಸುತ್ತೇವೆ. ಎಂ.ಜಿ.ಬಿ.ಯಲ್ಲಿ ಎಂಜಿನ್ನಿನ ಚಿಂತೆ ಕಡಮೆ, ಮೈಯ ಚಿಂತೆ ಹೆಚ್ಚು. ಇದಕ್ಕೆ ಹಿಂದಿನ ಎಂ.ಜಿ.ಎ. ಬಂಡಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಷಾಸಿ ಇತ್ತು. ಅದರ ಮೇಲೆ ಮೈಯನ್ನು ಕೂಡಿಸುತ್ತಿದ್ದರು. ಎಂ.ಜಿ.ಬಿ.ಯಲ್ಲಿ ಷಾಸಿಯಿಲ್ಲ, ತಗಡಿನ ಮೈಯೇ ಎಲುಬು. ಮೇಲೆ ಮುಚ್ಚಿಗೆಯಿಲ್ಲದ ರೂಪದಲ್ಲಂತೂ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವ ಭಾರವೆಲ್ಲ ನೆಲದ ತಗಡು, ನಡುವಿನ ಸುರಂಗ, ಮತ್ತು ಬಾಗಿಲ ಕೆಳಗಿನ ಎರಡು ಉದ್ದ ಪೆಟ್ಟಿಗೆಗಳ ಮೇಲೆ ಬೀಳುತ್ತದೆ. ಈ ಪೆಟ್ಟಿಗೆಗೆ ಇಂಗ್ಲೀಷಿನಲ್ಲಿ ಸಿಲ್ ಎನ್ನುತ್ತಾರೆ. ಹೊಸ್ತಿಲು ಎಂದರೆ ನಮಗೆ ಸರಿಹೋದೀತು.

ಈ ಹೊಸ್ತಿಲು ಒಳಗೆ ಟೊಳ್ಳು. ಮುಂದಿನ ಗಾಲಿ ಎರಚುವ ಕೆಸರು ರೆಕ್ಕೆಯ ಹಿಂಭಾಗದಲ್ಲಿ ಕೂತು ಒದ್ದೆ ಅರಿವೆಯಂತೆ ತಿಂಗಳುಗಟ್ಟಲೆ ಒಣಗದೆ ಇರುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಯ ಮೇಲೆ ಹಿಮಗಡ್ಡೆ ಕಟ್ಟದಂತೆ ಉಪ್ಪು ಎರಚುತ್ತಾರೆ. ಕಬ್ಬಿಣ, ನೀರು, ಗಾಳಿ ಮೂರು ಸೇರಿದರೆ ತುಕ್ಕು. ಉಪ್ಪು ಕೂಡಿದರೆ ಆ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಸಿ ತುಕ್ಕಿನ ಕೆಲಸವನ್ನು ತೀವ್ರಗೊಳಿಸುತ್ತದೆ. ಸಮುದ್ರದ ಗಾಳಿ ಬೀಸುವ ಮುಂಬಯಿ ಮದರಾಸುಗಳಲ್ಲಿ ಕಿಟಕಿಯ ಸರಳುಗಳು ಸಿಪ್ಪೆ ಬಿಡುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣ ಗುಳ್ಳೆಯೇಳುವುದು. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನಿಂದ ತಗಡು ಕಾಗದವಾಗಿರುತ್ತದೆ.

ಇಲ್ಲಿಯೇ ಮನೆಯಲ್ಲಿ ಕೆಲಸ ಮಾಡುವವನು ಮೊದಲ ದೊಡ್ಡ ತಪ್ಪು ಮಾಡುವುದು. ಕೊಳೆತ ಹೊಸ್ತಿಲನ್ನು ಕಂಡೊಡನೆ ಕತ್ತರಿಸಿ ಹಾಕುತ್ತಾನೆ. ಹೊಸ ತಗಡನ್ನು ಬೆಸೆಯುತ್ತಾನೆ. ಎಲ್ಲ ಮುಗಿದ ಮೇಲೆ ಬಾಗಿಲು ಹಾಕಲು ಹೋದರೆ ಬಾಗಿಲು ಹಿಡಿಯುವುದಿಲ್ಲ! ಹೊಸ್ತಿಲನ್ನು ಕತ್ತರಿಸಿದ ಕ್ಷಣದಲ್ಲಿ ಬಂಡಿ ನಡುವಿನಲ್ಲಿ ಕೂದಲೆಳೆಯಷ್ಟು ಕುಸಿದಿರುತ್ತದೆ. ಆ ಕುಸಿತವನ್ನೇ ಈತ ಬೆಸುಗೆ ಹಾಕಿ ಶಾಶ್ವತ ಮಾಡಿರುತ್ತಾನೆ. ಬಲ್ಲವರು ಮಾಡುವ ಕ್ರಮ ಬೇರೆ. ಬಂಡಿಯನ್ನು ಸಮತಟ್ಟಾದ ನೆಲದಲ್ಲಿ ನಾಲ್ಕು ಕಡೆಯೂ ಸರಿಯಾಗಿ ಆನಿಸಿ, ಬಾಗಿಲ ಸುತ್ತಲಿನ ಸಂದನ್ನು ಹಲವು ಕಡೆ ಅಳೆದು ಬರೆದುಕೊಳ್ಳುತ್ತಾರೆ. ಬಳಿಕ ಬಾಗಿಲ ತೆರಪಿಗೆ ಅಡ್ಡಲಾಗಿ, ತಿರುಗಣಿಯ ಕಂಬದಿಂದ ಚಿಲಕದ ಕಂಬಕ್ಕೆ, ಕಬ್ಬಿಣದ ಕೊಳವೆಯನ್ನು ಬೆಸೆದು ಬಿಗಿಯುತ್ತಾರೆ. ಹಳೆಯ ಮನೆಯ ಗೋಡೆಯನ್ನು ಒಡೆಯುವ ಮುನ್ನ ಗೌಂಡಿ ತೊಲೆಗೆ ಊರೆ ಕೊಡುವುದಿಲ್ಲವೇ, ಹಾಗೆ. ಒಂದು ಬದಿ ಪೂರಾ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟುವುದಿಲ್ಲ. ನಡುನಡುವೆ ಬಾಗಿಲನ್ನು ತೂಗುಹಾಕಿ ಸಂದನ್ನು ಮತ್ತೆ ಅಳೆಯುತ್ತಾರೆ. ಕೆಲಸ ಮುಗಿದ ಮೇಲೆ ನೀರು ಇಳಿಯುವ ತೂತುಗಳನ್ನು ಮುಚ್ಚದೆ ಬಿಟ್ಟು, ಟೊಳ್ಳಿನೊಳಗೆ ಮೇಣದ ದ್ರಾವಣವನ್ನು ಚಿಮ್ಮಿಸುತ್ತಾರೆ. ಆ ತೂತುಗಳನ್ನು ಬಣ್ಣದಿಂದ ಮುಚ್ಚಿಬಿಟ್ಟರೆ ಮತ್ತೆ ಕೆಲವೇ ವರ್ಷಗಳಲ್ಲಿ ಅದೇ ಕಥೆ.

ಈಗ ನಮ್ಮ ವಹಿಯ ಮಾತಿಗೆ ಬರುತ್ತೇವೆ. ಕೆಲವು ವರ್ಷಗಳ ಹಿಂದೆ ನಾವೊಂದು ಭಾನುವಾರ ಸೈಕಲ್ಲಿನ ಹಿಂದಿನ ಗಾಲಿಯನ್ನು ಬಿಚ್ಚಿದೆವು. ಗುಂಡುಗಳು ಕೋಣೆಯ ತುಂಬ ಉರುಳಿದವು. ಒಟ್ಟು 17 ಸಿಕ್ಕವು. ಒಂದು ಬದಿಗೆ 9, ಇನ್ನೊಂದು ಬದಿಗೆ 8 ಇರಬಹುದೆಂದು ನಮ್ಮ ಸಮಾಧಾನಕ್ಕೆ ನಾವೇ ತೀರ್ಮಾನಿಸಿ ಕಟ್ಟಿದೆವು. ಎರಡು ಬದಿಗೂ ಒಂಬತ್ತೊಂಬತ್ತು ಇರಬೇಕೆಂದು ಸೈಕಲ್ ಅಂಗಡಿಯವನು ಹೇಳಿದ್ದು ಕೋನು ತಿಂದುಹೋದ ಮೇಲೆ. ಇಡೀ ದಿನ ಅನ್ಯರ ಸಾಮಾನು ಎಣಿಸಿ ಬರೆಯುವ ನಾವು ನಮ್ಮ ಸೈಕಲ್ಲಿಗೆ ಒಂದು ಚೀಟಿ ಬರೆಯಲಿಲ್ಲವೆಂದು ಮನೆಯಲ್ಲಿ ಇಂದಿಗೂ ಆಡಿಕೊಳ್ಳುವುದುಂಟು. ಸೈಕಲ್ಲಿಗೇ ಹೀಗಾದರೆ ಸಾವಿರಾರು ಬಿಡಿಭಾಗಗಳ ಮೋಟಾರಿನ ಗತಿಯೇನು?

ಬಿಚ್ಚುವುದು ಸಂತೋಷದ ಕೆಲಸ, ಬೇಗ ಸಾಗುತ್ತದೆ. ನಾಲ್ಕು ರಜೆಗಳಲ್ಲಿ ಬಂಡಿ ನೆಲದ ಮೇಲೆ ಹರಡಿಕೊಂಡಿರುತ್ತದೆ. ಬಳಿಕ ಮಗುವಿನ ಕಾಯಿಲೆ, ಆಫೀಸಿನ ವರ್ಗಾವಣೆ, ಹಣದ ಅಡಚಣೆ, ಏನಾದರೊಂದು ಬರುತ್ತದೆ. ಕೆಲಸ ನಿಲ್ಲುತ್ತದೆ. ಎರಡು ವರ್ಷ ಬಿಟ್ಟು ಬಂದು ನೋಡಿದರೆ, ಯಾವ ಬೋಲ್ಟು ಎಲ್ಲಿಯದೆಂದು ಬಿಚ್ಚಿದವನಿಗೇ ನೆನಪಿಲ್ಲ. ಅನೇಕ ಬಂಡಿಗಳು ಡಬ್ಬಗಳಲ್ಲೇ ಉಳಿಯುವುದಕ್ಕೆ ತುಕ್ಕಿಗಿಂತಲೂ ಇದೇ ಕಾರಣವೆಂದು ನಮ್ಮ ಅಭಿಪ್ರಾಯ. ಆದ್ದರಿಂದ ಒಂದು ವಹಿ ಬೇಕು. ತಾರೀಖು, ಭಾಗದ ಹೆಸರು, ಯಾವ ಬದಿಯದು, ಎಷ್ಟು ಬೋಲ್ಟು, ವಾಷರು ತಲೆಯ ಕೆಳಗಿತ್ತೋ ನಟ್ಟಿನ ಕೆಳಗಿತ್ತೋ, ಯಾವ ಡಬ್ಬಕ್ಕೆ ಹೋಯಿತು, ಸ್ಥಿತಿ ಹೇಗಿದೆ, ಹೊಸದು ಬೇಕೇ, ಎಷ್ಟು ಬೆಲೆ, ಇಷ್ಟು ಕಾಲಮ್ಮುಗಳು ಸಾಕು. ಚೀಟಿಗಳನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಶಾಯಿಗೆ ಸೀಮೆಎಣ್ಣೆ ತಾಗಿದರೆ ಅಕ್ಷರ ಹರಡಿ ಹೋಗುತ್ತದೆ. ಇದು ನಮ್ಮ ಸ್ಟೋರ್ಸಿನ ಅನುಭವ. ಈಗಿನವರು ಕೈಫೋನಿನಲ್ಲಿ ಚಿತ್ರ ಹಿಡಿಯುತ್ತಾರೆ, ಒಳ್ಳೆಯದೇ. ಆದರೆ ಒಳಗೆ ಅಡಗಿದ ತೆಳುವಾದ ವಾಷರು ಚಿತ್ರದಲ್ಲಿ ಬೀಳುವುದಿಲ್ಲ. ಹಳೆಯ ಭಾಗ ಎಷ್ಟೇ ಕೆಟ್ಟಿರಲಿ, ಹೊಸದು ಬಂದು ಕೂಡುವವರೆಗೆ ಎಸೆಯಬಾರದು. ಅಳತೆಗೆ ಅದೇ ಸಾಕ್ಷಿ.

ಸ್ಪ್ಯಾನರಿನ ವಿಷಯ ಒಂದು ಮಾತು. ಈ ಬಂಡಿಯ ಬೋಲ್ಟುಗಳ ತಲೆ ಇಂಚಿನ ಅಳತೆಯವು. ಮಿಲಿಮೀಟರಿನ ಸ್ಪ್ಯಾನರು ಹತ್ತಿರಹತ್ತಿರ ಕೂತಂತೆ ಕಾಣುತ್ತದೆ, ಬಲ ಹಾಕಿದೊಡನೆ ಜಾರಿ ತಲೆಯನ್ನು ದುಂಡಗೆ ಮಾಡುತ್ತದೆ. ಹಿಡಿದುಕೊಂಡ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಬಿಟ್ಟು ಮಲಗುವುದು ಮೇಲು.

ಎಂಜಿನ್ನಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎರಕದ ಕಬ್ಬಿಣದ ಗಟ್ಟಿಮುಟ್ಟಾದ ಸಾಮಾನು, ಭಾಗಗಳು ಇಂದಿಗೂ ದೊರೆಯುತ್ತವೆ. ಒಂದು ಸಂಗತಿ ಮಾತ್ರ ಹೇಳಬೇಕು. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ಕವಾಟ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿತ್ತು. ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಸೀಸ ವಿಷವಾದ್ದರಿಂದ ಬ್ರಿಟನ್ನಿನಲ್ಲಿ 1999ರ ಕೊನೆಗೆ ಅದರ ಸಾಮಾನ್ಯ ಮಾರಾಟ ನಿಂತಿತು. ಆದ್ದರಿಂದ ಹೆಡ್ಡನ್ನು ಬಿಚ್ಚಿದಾಗ ಹೊಗೆ ಹೋಗುವ ಕವಾಟಗಳ ಕೆಳಗೆ ಗಡಸು ಉಕ್ಕಿನ ಬಳೆಗಳನ್ನು ಕೂಡಿಸುತ್ತಾರೆ. ಇದು ವರ್ಕ್‌ಷಾಪಿನಲ್ಲಿ ಆಗತಕ್ಕ ಕೆಲಸ, ಮನೆಯದಲ್ಲ.

ವಿದ್ಯುತ್ ತಂತಿಗಳಲ್ಲಿ ಒಂದು ಬಲೆ ಇದೆ. 1967ರ ವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಜೋಡಿಸುತ್ತಿದ್ದರು. ಈಗಿನ ಬಂಡಿಗಳಲ್ಲಿ ಮೈಗೆ ಜೋಡಿಸುವುದು ಋಣ ತುದಿಯನ್ನು. ಅಭ್ಯಾಸಬಲದಿಂದ ಹೊಸ ಕಾಲದ ರೇಡಿಯೋವನ್ನು ಹಳೆಯ ಬಂಡಿಗೆ ಕೂಡಿಸಿದರೆ ಅದು ಸುಟ್ಟುಹೋಗುತ್ತದೆ.

ಅಪಾಯಗಳನ್ನು ಮುಚ್ಚಿಡುವುದು ಸರಿಯಲ್ಲ. ಜಾಕು ಎತ್ತುವುದಕ್ಕೆ ಮಾತ್ರ. ಅದನ್ನೇ ನಂಬಿ ಬಂಡಿಯ ಅಡಿಗೆ ನುಗ್ಗಬಾರದು. ಇಟ್ಟಿಗೆ ಸಿಡಿಯುತ್ತದೆ, ಆದ್ದರಿಂದ ಕಬ್ಬಿಣದ ಸ್ಟ್ಯಾಂಡುಗಳೇ ಬೇಕು. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ್ದಕ್ಕಿಂತ ಕೆಟ್ಟದ್ದು, ಒಳಗೆ ಉಳಿದ ಆವಿ ಕಿಡಿಗಾಗಿ ಕಾದಿರುತ್ತದೆ. ಅದರ ಬಳಿ ಬೆಸುಗೆ ಕೂಡದು. ಮುಂದಿನ ಗಾಲಿಗಳ ಸುರುಳಿ ಸ್ಪ್ರಿಂಗುಗಳು ಅದುಮಿಟ್ಟ ಸ್ಥಿತಿಯಲ್ಲಿರುತ್ತವೆ. ಹಿಡಿತವಿಲ್ಲದೆ ಬಿಚ್ಚಿದರೆ ಗುಂಡಿನಂತೆ ಹಾರುತ್ತವೆ. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಆ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹತ್ತಿಯ ಧೂಳು ಎದೆಗೆ ಏನು ಮಾಡುತ್ತದೆಂದು ಕಾರ್ಡಿಂಗ್ ಖಾತೆಯ ನಮ್ಮ ಹಿರಿಯರನ್ನು ಕೇಳಿದವರು ಈ ಮಾತನ್ನು ಹಗುರವಾಗಿ ಎಣಿಸಲಾರರು.

ಬ್ರಿಟನ್ನಿನಲ್ಲಿ 2018ರಿಂದ, 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಬಂಡಿಗಳಿಗೆ ವಾರ್ಷಿಕ ಸರ್ಕಾರಿ ತಪಾಸಣೆಯ ವಿನಾಯಿತಿ ಇದೆ. ನಮಗೇನೋ ಇದು ಅಷ್ಟು ಹಿಡಿಸಲಿಲ್ಲ. ತಾನೇ ಬೆಸೆದ ಹೊಸ್ತಿಲನ್ನು, ತಾನೇ ಕೂಡಿಸಿದ ಬ್ರೇಕನ್ನು ಇನ್ನೊಬ್ಬ ಬಲ್ಲವನಿಗೆ ತೋರಿಸದೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡುವುದು ಯಾವ ಧೈರ್ಯ? ತಪಾಸಣೆ ಬೇಕೆಂದವರು ಈಗಲೂ ಮಾಡಿಸಿಕೊಳ್ಳಬಹುದು. ಅನೇಕರು ಮಾಡಿಸಿಕೊಳ್ಳುತ್ತಲೂ ಇದ್ದಾರೆ.

ಮೈ ಸಂಪೂರ್ಣ ಕೊಳೆತಿದ್ದರೇನು ಮಾಡುವುದು? ಅದಕ್ಕೂ ದಾರಿಯಿದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಕಾರ್ಖಾನೆಯ ಹಳೆಯ ಅಚ್ಚುಗಳನ್ನು ಹುಡುಕಿ ತಂದು, 1988ರಲ್ಲಿ ಎಂ.ಜಿ.ಬಿ.ಯ ಹೊಚ್ಚಹೊಸ ಮೈಯನ್ನು ಮಾಡಿ ಮಾರಲಾರಂಭಿಸಿತು. ಬಂಡಿ ನಿಂತು ಎಂಟು ವರ್ಷಗಳ ಮೇಲೆ ಅದರ ಮೈ ಮತ್ತೆ ಹುಟ್ಟಿತು! ಹಳೆಯ ಬಂಡಿಯ ಎಂಜಿನ್ನು, ಗಾಲಿ, ಆಸನಗಳನ್ನು ಇದಕ್ಕೆ ವರ್ಗಾಯಿಸಬಹುದು. ಹಾಗೆ ಮಾಡಿದರೆ ಅದು ಅದೇ ಬಂಡಿಯೇ ಎಂದು ವಾಚನಾಲಯದಲ್ಲಿ ಅರ್ಧ ಗಂಟೆ ಚರ್ಚೆ ನಡೆಯಿತು. ತೀರ್ಮಾನವಾಗಲಿಲ್ಲ. ತೇಪೆ ಹಾಕಿ ಉಳಿಸಬಹುದಾದದ್ದನ್ನು ಉಳಿಸುವುದೇ ನಮ್ಮ ಪಕ್ಷ. ಆದರೆ ನಾಲ್ಕೂ ಕಡೆ ತೇಪೆಯ ಮೇಲೆ ತೇಪೆ ಬಿದ್ದ ಮೈಗೆ ಹೊಸದೇ ಕಡಮೆ ಖರ್ಚಿನದೆಂದು ಒಪ್ಪುತ್ತೇವೆ. ಹೇಗೂ, ಖರ್ಚಾದ ಹಣ ಮಾರಿದಾಗ ತಿರುಗಿ ಬಂದೀತೆಂಬ ಲೆಕ್ಕದಿಂದ ಈ ಕೆಲಸಕ್ಕೆ ಕೈಹಾಕಿದವರು ಸಾಮಾನ್ಯವಾಗಿ ನಿರಾಶರಾಗುತ್ತಾರೆ.

ಕೊನೆಗೆ ಎಂಜಿನ್ನನ್ನು ಹೊಡೆಯುವ ದಿನ ಬರುತ್ತದೆ. ಆ ದಿನ ಅವಸರಪಡಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ಹೊರತೆಗೆದು, ಎಣ್ಣೆಯ ಒತ್ತಡದ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದಲೇ ತಿರುಗಿಸಿ, ಬೇರಿಂಗುಗಳಿಗೆ ಎಣ್ಣೆ ತಲುಪಿದ ಮೇಲೆ ಪ್ಲಗ್ಗು ಹಾಕಬೇಕು. ಓಡತೊಡಗಿದ ಮೇಲೆ ಎರಡು ಎಸ್.ಯು. ಕಾರ್ಬ್ಯುರೇಟರುಗಳನ್ನು ಸರಿದೂಗಿಸುವ ಉಪಾಯ ಬಹಳ ಸರಳ. ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಂದೊಂದರ ಬಾಯಿಯ ಬಳಿ ಹಿಡಿದು, ಗಾಳಿಯ ಸುಯ್ಯೆಂಬ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ತಿರುಪು ತಿರುಗಿಸುವುದು. ನಮ್ಮ ಖಾತೆಯ ಹಳೆಯ ಜಾಬರು ಸ್ಪಿಂಡಲಿನ ಸದ್ದಿನಿಂದಲೇ ದೋಷ ಹೇಳುತ್ತಿದ್ದುದು ನೆನಪಾಯಿತು.

ಮೇಲೆ ಹೇಳಿದ ಪತ್ರಿಕೆಗಳು ವಾಚನಾಲಯದ ಮೇಜಿನ ಮೇಲೆ ದಾರ ಕಟ್ಟಿ ಇಡಲ್ಪಟ್ಟಿವೆ. ಮನೆಗೆ ಕೊಡುವುದಿಲ್ಲ. ಎರಡು ಸಂಚಿಕೆಗಳಿಂದ ಚಿತ್ರಗಳನ್ನು ಯಾರೋ ಬ್ಲೇಡಿನಿಂದ ಕತ್ತರಿಸಿದ್ದಾರೆ. ಅವರು ದಯವಿಟ್ಟು ತಂದು ಕೊಟ್ಟರೆ ಹೆಸರು ಕೇಳದೆ ಅಂಟಿಸಿಕೊಳ್ಳುತ್ತೇವೆ.